ಅತ್ತಿ ಹಿಡಿದ ಸೀಟುಗಳು

ನಮ್ಮ ಮನೆಯಲ್ಲಿ ನಗುವುದಕ್ಕೆ ಟಿ.ವಿ. ಹಚ್ಚುವ ಪ್ರಸಂಗ ಯಾವತ್ತೂ ಬಂದಿಲ್ಲ. ಅತ್ತಿ ಕಾಯಿಪಲ್ಲೆ ತರಲು ಹೋಗಿ ಬಂದರೆ ಸಾಕು, ಏನಾದರೊಂದು ನಡೆದೇ ಇರುತ್ತದೆ. ನಡೆಯದಿದ್ದರೆ ಅವಳೇ ನಡೆಸಿರುತ್ತಾಳೆ.

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ವಿಜಯಪುರದಿಂದ ಡೊಂಬಿವಲಿಗೆ ಬಂದವಳು. ನಮ್ಮ ಬಿಲ್ಡಿಂಗಿನಲ್ಲಿ ನಮ್ಮೆದುರಿಗೇ ಅವಳ ಬಾಗಿಲು. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ನೌಕರಿಗೆ ಓಡುತ್ತಿದ್ದರು, ನಾನು ಅತ್ತಿಯ ಸೆರಗು ಹಿಡಿದು ಬೆಳೆದೆ. ಊರಿನಿಂದ ಬಂದ ಹೊಸತರಲ್ಲಿ ಗಾಡಿಯಲ್ಲಿ ನಿಂತು ನಿಂತು ಅವಳ ಕಾಲು ಬಾತಿದ್ದವಂತೆ. ಆಗಲೇ ಪಣ ತೊಟ್ಟಳು: "ನನ್ನ ಕೂಡ ಬಂದವರು ನಿಂದ್ರಬಾರದು." ನನಗಂತೂ ಅವಳೆಂದರೆ ಪ್ರಾಣ. ಅವಳಿಗೆ ನಾನು ಹೆಚ್ಚೋ ಕಿಟಕಿ ಸೀಟು ಹೆಚ್ಚೋ, ಈಗಲೂ ಖಾತ್ರಿಯಿಲ್ಲ.

೧. ಠಾಣೆಗೆ ಹೊರಟದ್ದು

ನಮ್ಮ ಲೋಕಲ್ ಗಾಡಿಗಳಲ್ಲಿ ಒಂದು ಪದ್ಧತಿ ಇದೆ. ಹತ್ತಿದ ಕೂಡಲೇ, ಕುಳಿತವರನ್ನು "ಎಲ್ಲಿ ಇಳೀತೀರಿ?" ಎಂದು ಕೇಳಬೇಕು. ಅವರು ಇಳಿದಾಗ ಮೊದಲು ಕೇಳಿದವರಿಗೆ ಆ ಸೀಟು. ಬಾಯಿಮಾತಿನ ವ್ಯವಹಾರ, ಆದರೆ ಯಾರೂ ಮಾತು ತಪ್ಪುವುದಿಲ್ಲ.

ಒಂದು ದಿನ ಠಾಣೆಯ ನೌಪಾಡಾದ ಅಂಗಡಿಯಲ್ಲಿ ನನಗೆ ಹಬ್ಬದ ಫ್ರಾಕು ಕೊಳ್ಳಲು ಹೊರಟೆವು. ಲೇಡೀಸ್ ಡಬ್ಬಿ ತುಂಬಿ ತುಳುಕುತ್ತಿತ್ತು. ಅತ್ತಿ ತನ್ನ ಹಿಂದಿಯಲ್ಲಿ ಒಬ್ಬೊಬ್ಬರನ್ನೇ "ಕಿಧರ್ ಉತರೇಗಾ?" ಎಂದು ವಿಚಾರಿಸುತ್ತಾ ಹೋದಳು. ಕಿಟಕಿಯ ಹತ್ತಿರದ ಹೆಂಗಸು "ಠಾಣೆ" ಎಂದಳು. ಅತ್ತಿಯ ಮುಖ ಅರಳಿತು. ಠಾಣೆ ಬಂತು, ಆ ಹೆಂಗಸು ಎದ್ದಳು, ಅತ್ತಿ ಕುಳಿತಳು, ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು, ಗಾಡಿ ಬಿಟ್ಟಿತು.

"ಅತ್ತೀ, ನಾವೂ ಠಾಣೇಕ್ಕ ಇಳೀಬೇಕಿತ್ತಲ್ಲ?" ಎಂದೆ.

ಅತ್ತಿ ಹೊರಗೆ ನೋಡಿದಳು. ಪ್ಲಾಟ್‌ಫಾರ್ಮ್ ಹಿಂದಕ್ಕೆ ಸರಿಯುತ್ತಿತ್ತು. ಸ್ವಲ್ಪವೂ ಅಳುಕದೆ ಹೇಳಿದಳು: "ಕಿಟಕಿ ಸೀಟು ಸಿಕ್ಕದ ಹುಚ್ಚೀ, ಬಿಟ್ಟು ಹ್ಯಾಂಗ ಇಳೀಲಿ? ಮುಂದ ಇಳಿದು ಹೊಳ್ಳಿ ಬರೋಣು."

ಘಾಟ್ಕೋಪರಿನಲ್ಲಿ ಇಳಿದು ಹಿಂದಕ್ಕೆ ಬಂದೆವು. ಬರುವಾಗ ಉದ್ದಕ್ಕೂ ನಿಂತಿದ್ದೆವು.

೨. ಪಂಕ್ತಿ

ಕಲ್ಯಾಣ ಊರಿನ ಒಂದು ಹಾಲಿನಲ್ಲಿ ನಮ್ಮ ಕಡೆಯವರ ಮದುವೆ. ನಾವು ಗಂಡಿನವರ ಪೈಕಿ. ಊಟದ ಟೇಬಲ್ಲಿನಲ್ಲಿ ಕುಳಿತವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ನಿಲ್ಲುವುದು ರೂಢಿ. ನಾನು ಹಸಿದು ಅಳುತ್ತಿದ್ದೆ. ಅತ್ತಿ ಒಬ್ಬ ಅಜ್ಜನ ಕುರ್ಚಿಯ ಬೆನ್ನು ಭದ್ರವಾಗಿ ಹಿಡಿದು ನಿಂತಳು.

ಅಜ್ಜನ ಊಟ ಬಹಳ ನಿಧಾನ. ಬಡಿಸುವವನು ಹೋಳಿಗೆ ತಂದದ್ದೇ ತಡ, ಅತ್ತಿ ಅಡ್ಡ ಕೈ ಹಿಡಿದಳು. "ಅಜ್ಜಾರಿಗೆ ಸಿಹಿ ಬ್ಯಾಡಪಾ, ವಯಸ್ಸಾಗೇದ. ಲಗೂನ ಮಜ್ಜಿಗಿ ತಂದುಬಿಡು."

ಅಜ್ಜ ಮೆಲ್ಲಗೆ ಹಿಂದಕ್ಕೆ ತಿರುಗಿದ. "ತಂಗೀ, ಮದುಮಗಳು ನನ್ನ ಮೊಮ್ಮಗಳವಾ. ಈ ಹೋಳಿಗಿ ಮಾಡಿಸಿದಾಂವ ನಾನ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಓಡಿಹೋಗುತ್ತಿದ್ದರು. ಅತ್ತಿ ಸಮಾಧಾನದಿಂದ, "ಹಂಗಾರ ನಿಮಗ ನಾಳೇನೂ ಸಿಗ್ತಾವಲ್ರೀ ಅಜ್ಜಾರ, ನಮಗ ಇವತ್ತೊಂದ ದಿನ" ಎಂದಳು.

ಅಜ್ಜ ಬಾಯಲ್ಲಿಯ ಅನ್ನ ನೆತ್ತಿಗೇರುವಂತೆ ನಕ್ಕ. ಸರಿದು, ಅರ್ಧ ಕುರ್ಚಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೋಳಿಗೆ ಹಾಕಿಸಿಕೊಂಡು ಅದನ್ನೇ ತಿನ್ನಿಸತೊಡಗಿದ. ಅತ್ತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ನಿಂದು ಆತು. ಈಗ ಬಾಜೂದವರು ಯಾವಾಗ ಏಳ್ತಾರ, ಕೇಳು."

೩. ಮರ

ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ನನಗೆ ಆಲದ ಮರದ ಪಾತ್ರ. ಮೊದಲಿನಿಂದ ಕೊನೆಯವರೆಗೆ ಎರಡೂ ಕೈ ಮೇಲೆತ್ತಿ ನಿಲ್ಲಬೇಕು, ಮಾತಿಲ್ಲ. ಅತ್ತಿ ಮುಖ್ಯ ಅತಿಥಿಗಳಿಗೆಂದು ಇಟ್ಟ ಮೊದಲ ಸಾಲಿನಲ್ಲಿಯೇ ಕುಳಿತಿದ್ದಳು. ಅವಳನ್ನು ಏಳಿಸಲು ಹೋದ ಟೀಚರು ತಾವೇ ಹಿಂದಿನ ಸಾಲಿಗೆ ಹೋಗಿದ್ದರು.

ರಾಜನಿಗೆ ಸಿಂಹಾಸನವಿತ್ತು, ಋಷಿಗೆ ಚಾಪೆಯಿತ್ತು. ಮರಕ್ಕೆ ಏನೂ ಇರಲಿಲ್ಲ. ಅತ್ತಿ ಸ್ವಲ್ಪ ಹೊತ್ತು ಸಹಿಸಿದಳು. ರಾಜ ಎರಡನೆಯ ಭಾಷಣ ಸುರುಮಾಡಿದಾಗ ತನ್ನ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಸೀದಾ ಸ್ಟೇಜು ಹತ್ತಿದಳು. ನನ್ನ ಹಿಂದೆ ಇಟ್ಟು, ಇಡೀ ಹಾಲಿಗೆ ಕೇಳುವಂತೆ ಗುಟ್ಟಾಗಿ ಹೇಳಿದಳು: "ಕೂಡು ಕೂಸ. ಕೈ ಬೇಕಾರ ಮ್ಯಾಲ ಇರಲಿ."

ನಾಚಿಕೆಯಿಂದ ಸಾಯುವಂತಾಗಿತ್ತು. ಆದರೆ ಕಾಲೂ ನಿಜವಾಗಿ ನೋಯುತ್ತಿದ್ದವು. ಕುಳಿತೆ. ರಾಜ ಮಾತು ಮರೆತ. ಟೀಚರು ಬೈಯಲು ಬಂದರೆ ಅತ್ತಿ ಮರಾಠಿಯಲ್ಲಿ ಅವರಿಗೇ ತಿರುಗಿ ಕೇಳಿದಳು, ಮರ ಆದರೇನಾಯಿತು, ನಮ್ಮ ಮನೆಯ ಹುಡುಗಿಯೂ ಹೌದಲ್ಲ ಎಂದು.

ಆ ನಾಟಕದ ಫೋಟೋ ಇನ್ನೂ ನಮ್ಮಲ್ಲಿದೆ. ಋಷಿಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಮರದ ಕೆಳಗೆ ತಪಸ್ಸು ಮಾಡುತ್ತಿದ್ದಾರೆ.

೪. ಕಿಟಕಿಯ ಕಾಟು

ಈಗ ನಾನು ಐರೋಲಿಯಲ್ಲಿದ್ದೇನೆ, ಭಿವಂಡಿಯ ಗೋಡೌನ್ ಒಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ಕಳೆದ ಮಳೆಗಾಲದಲ್ಲಿ ಅತ್ತಿಗೆ ಪಿತ್ತಕೋಶದ ಕಲ್ಲು ತೆಗೆಯಲು ಆಪರೇಶನ್ ಎಂದರು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ಎಚ್ಚರಾಗುವವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದರು.

ಠಾಣೆಯ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಬಾಗಿಲ ಬಳಿಯ ಕಾಟು ಸಿಕ್ಕಿತು. ನಾನು ಕಣ್ಣೊರೆಸಿಕೊಂಡು ಚಹಾ ತರುವಷ್ಟರಲ್ಲಿ ಅತ್ತಿ ಕಿಟಕಿಯ ಬಳಿಯ ಪೇಶಂಟಿಗೆ ಕೂಗಿ ಕೇಳುತ್ತಿದ್ದಳು: "ಬಾಯೀ, ಕಬ್ ಉತರೇಗಾ?"

ಆ ಹೆಂಗಸಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ನಾಳೆ ಬೆಳಿಗ್ಗೆ, ಆದರೆ ಆ ಮೂಲೆಯವರಿಗೆ ಹೇಳಿಬಿಟ್ಟಿದ್ದೇನೆ ಎಂದಳು. ಮೂಲೆಯ ಕಾಟಿನಿಂದ ಸಲೈನ್ ಹಚ್ಚಿದ ಕೈಯೊಂದು ಹೌದೆನ್ನುವಂತೆ ಮೇಲೆದ್ದಿತು. "ಹಂಗಾರ ಅಕಿ ಇಳಿದ ಮ್ಯಾಲ ನಂದು" ಎಂದು ಅತ್ತಿ ನಿಶ್ಚಿಂತೆಯಿಂದ ಮಲಗಿದಳು.

ಮರುದಿನ ಆಪರೇಶನ್ ಆಯಿತು. ವಾರ್ಡಿಗೆ ತಂದು ಮಲಗಿಸಿದರೂ ಅವಳು ಕಣ್ಣು ಬಿಡಲಿಲ್ಲ. ನಾನು ಕಾಟಿನ ಪಕ್ಕ ನಿಂತು "ಅತ್ತೀ, ಅತ್ತೀ" ಎಂದು ಕರೆದೆ. ಅವಳಿಲ್ಲದ ಡೊಂಬಿವಲಿಯನ್ನು ನಾನು ಯಾವತ್ತೂ ನೋಡಿಲ್ಲ, ನೋಡುವ ಧೈರ್ಯವೂ ನನಗಿಲ್ಲ. ಅಳು ತಡೆಯಲಾಗದೆ ಕಾಟಿನ ಅಂಚಿಗೆ ಕುಸಿದೆ.

"ಪೇಶಂಟ್ ಕೇ ಬೆಡ್ ಪೇ ಮತ್ ಬೈಠೋ," ನರ್ಸು ಗದರಿದಳು. ನಾನು ಗಡಬಡಿಸಿ ಎದ್ದೆ.

ಅಷ್ಟರಲ್ಲಿ ಅತ್ತಿಯ ಸೊಂಟ ಒಂದಿಷ್ಟು ಆಚೆ ಸರಿಯಿತು. ಕಣ್ಣು ಇನ್ನೂ ಮುಚ್ಚಿಯೇ ಇದ್ದವು. ಖಾಲಿಯಾದ ಜಾಗವನ್ನು ಕೈಯಿಂದ ಮೆಲ್ಲಗೆ ತಟ್ಟಿ, ಒಣಗಿದ ಗಂಟಲಲ್ಲಿ ಹೇಳಿದಳು: "ಏಳಬ್ಯಾಡ, ಕೂಡು. ಮೂರು ಮಂದೀ ಸೀಟಿನ್ಯಾಗ ನಾ ಒಬ್ಬಾಕೀನ ಇದ್ದೀನಿ. ಆ ನರ್ಸೂಗೂ ಬಾ ಅನ್ನು."