ನಾಲ್ವರು ಅಕ್ಕಂದಿರ ಗುಣಾಕಾರ

ಹಾರ್ಲಿಂಗನ್ ಊರಿನಲ್ಲಿ ಹುಟ್ಟುಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ನೆಂಟರು ತಂತಮ್ಮ ಕಕ್ಕಸಿನ ಗೋಡೆಗೆ ರೂಢಿಯಂತೆ ತೂಗುಹಾಕಿದ ಹುಟ್ಟುಹಬ್ಬಗಳ ಕ್ಯಾಲೆಂಡರಿನಲ್ಲಿ ದಿನ ನೋಡಿಕೊಂಡು, ಮನಸ್ಸಾದರೆ ಬರುತ್ತಾರೆ. ಎಷ್ಟು ಮಂದಿ ಬರುತ್ತಾರೋ ಎಂದು ಬೇರೆ ಮನೆಗಳಲ್ಲಿ ಚಿಂತಿಸುತ್ತಾರೆ. ಗಣಿತದ ಮೇಷ್ಟ್ರು ವೀಬೆ ಚಿಂತಿಸುವವನಲ್ಲ, ಲೆಕ್ಕ ಹಾಕುವವನು.

ಅವನ ಹೆಂಡತಿ ಹಿಸ್ಕೆಗೆ ಆ ಭಾನುವಾರ ಐವತ್ತು ತುಂಬುವುದಿತ್ತು. ಆಕೆಗೆ ನಾಲ್ವರು ಅಕ್ಕಂದಿರು. ಲೆಕ್ಕದ ಮೇಷ್ಟ್ರನ್ನು ಕಟ್ಟಿಕೊಂಡು ನಮ್ಮ ಹಿಸ್ಕೆಗೆ ಅರೆಹೊಟ್ಟೆ ಎಂದು ಮದುವೆಯಾದಾಗಿನಿಂದ ಆಡಿಕೊಳ್ಳುವವರು. ಈ ಒಂದು ದಿನವಾದರೂ ಅವರ ಬಾಯಿ ಮುಚ್ಚಿಸಬೇಕು, ದೊಡ್ಡ ಕೇಕು ತನ್ನಿ ಎಂದು ಆಕೆ ಬೇಡಿಕೊಂಡಳು. ಬೇರೇನನ್ನೂ ಕೇಳಲಿಲ್ಲ, ಪಾಪ.

ವೀಬೆ ಕನ್ನಡಕ ಏರಿಸಿದ. ಕಳೆದ ಹತ್ತು ವರ್ಷಗಳಲ್ಲಿ ಒಬ್ಬೊಬ್ಬ ಅಕ್ಕನೂ ಐದು ಸಲ ಬಂದಿದ್ದಾಳೆ. ಬರುವ ಸಂಭವ ಅರ್ಧ. ನಾಲ್ಕು ಅರ್ಧಗಳನ್ನು ಗುಣಿಸಿದರೆ, ನಾಲ್ವರೂ ಬರುವ ಸಂಭವ ಹದಿನಾರರಲ್ಲಿ ಒಂದೇ ಒಂದು.

"ರೀ, ಅವರು ಬಂದ್ರೆ..."

"ಒಬ್ಬೊಬ್ಬರನ್ನೂ ಬಿಡಿಯಾಗಿ ತಗೋಬೇಕು ಹಿಸ್ಕೆ. ನಡುವೆ ಬಾಯಿ ಹಾಕಬೇಡ."

ಸರಾಸರಿ ಇಬ್ಬರು ಅಕ್ಕಂದಿರು, ಮನೆಯವರಿಬ್ಬರು. ನಾಲ್ಕು ತುಂಡಿನ ಪುಟ್ಟ ಕೇಕು ಬಂತು. (ಹೋದ ವರ್ಷ ಯಾರೂ ಬಾರದೆ, ಉಳಿದ ಕೇಕನ್ನೆಲ್ಲ ಒಬ್ಬನೇ ತಿಂದು ನರಳಿದ್ದ ಎಂಬುದು ಗಣಿತಶಾಸ್ತ್ರಕ್ಕೆ ಸೇರದ ಮಾತು.)

ಭಾನುವಾರ ಬಾಗಿಲ ಮುಂದೆ ಒಂದು ಕಾರು ನಿಂತಿತು. ಓಡಿಸುತ್ತಿದ್ದವಳು ಹಿರಿಯಕ್ಕ ಬೌಕ್ಯ. ಮಿಕ್ಕ ಮೂವರೂ ಇಳಿದರು. ಐವತ್ತಾದ ಹೆಂಗಸಿಗೆ ಆ ಊರಿನ ರೂಢಿಯಂತೆ ತರುವ, ಚಿಂದಿಬಟ್ಟೆಯ ಆಳೆತ್ತರದ ಮುದುಕಿ ಬೊಂಬೆಯನ್ನೂ ಇಳಿಸಿ, ತಂದು ವೀಬೆಯ ಕುರ್ಚಿಯಲ್ಲೇ ಕೂರಿಸಿದರು.

ನಾಲ್ವರೂ ಒಟ್ಟಿಗೆ ಬಂದದ್ದು ಎಂಥ ಅಪರೂಪ ಎಂದು ವೀಬೆ ನಿಂತಲ್ಲೇ ತೊದಲಿದ.

"ಅಪರೂಪ ಏನು ಬಂತು? ಕಾರಿರೋದು ನನ್ನೊಬ್ಬಳ ಹತ್ರ," ಎಂದಳು ಬೌಕ್ಯ. "ನಾನು ಹೊರಟ್ರೆ ನಾಲ್ವರೂ. ಇಲ್ಲಾಂದ್ರೆ ಒಬ್ಬರೂ ಇಲ್ಲ."

ಹಾಗಾದರೆ ಒಬ್ಬೊಬ್ಬಳೂ ಬಂದದ್ದು ಅವೇ ಐದು ವರ್ಷ! ಬಿಡಿಬಿಡಿಯಾಗಿ ಎಣಿಸಿದ ವೀಬೆ ಅದನ್ನು ಗಮನಿಸಿಯೇ ಇರಲಿಲ್ಲ. ನಾಲ್ಕು ತುಂಡುಗಳು ನಾಲ್ಕು ತಟ್ಟೆಗಳಿಗೆ ಹೋದವು. ಐವತ್ತು ತುಂಬಿದವಳು ಬರೀ ಕಾಫಿ ಕುಡಿದಳು. ಅಕ್ಕಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬೈದಿದ್ದರೇ ವಾಸಿಯಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಅದು ಬಿಡದಿದ್ದುದರಿಂದ, ಇವರೆಲ್ಲ ಬೇಗ ಹೊರಟರೆ ಸಾಕಪ್ಪಾ ಎಂದು ದೇವರಿಗೆ ಮೊರೆಯಿಟ್ಟ.

ಹಿಸ್ಕೆ ಎದ್ದು ಕೋಟು ಹಾಕಿಕೊಂಡಳು.

"ಅಕ್ಕ, ನನ್ನನ್ನೂ ಕರ್ಕೊಂಡು ಹೋಗು. ಹೊಟ್ಟೆ ತುಂಬ ಕೇಕು ತಿನ್ಬೇಕು."

"ಬಾರೇ, ಬೊಂಬೆ ಇಳೀತಲ್ಲ, ಜಾಗ ಇದೆ."

ಐವರೂ ಒಂದೇ ಕಾರಿನಲ್ಲಿ ಹೊರಟುಹೋದರು. ವೀಬೆಯ ಮೊರೆ ದೇವರಿಗೆ ಮುಟ್ಟಿತ್ತು. 'ಎಲ್ಲ' ಎಂದು ಬೇಡುವಾಗ ಹೆಂಡತಿಯನ್ನು ಕಳೆಯುವುದನ್ನು ಅವನೇ ಮರೆತಿದ್ದ.