ಬೇಗನೆ ಬಿದ್ದ ಮೊಹರು

ತೀರಿಹೋದ ಅಪ್ಪನ ಬಾಳೆತೋಟವನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಕಮಲಾಪುರದ ಸಾಯಬಣ್ಣ ದಿಗ್ವಿಜಯಕ್ಕೆ ಹೊರಟ ರಾಜನಂತೆ ಕಲಬುರಗಿಗೆ ಹೊರಟ. ನಿಜಾಮರ ಸರ್ಕಾರದ ಕಚೇರಿಯಲ್ಲಿ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ಕರು ಎತ್ತಾಗಿರುತ್ತದೆ ಎಂದು ಊರೇ ಹೇಳಿತ್ತು. ಹೆಂಡತಿ ಶಿವಕಾಂತಮ್ಮ ಎಂಟು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಹಾಸಿಗೆಯನ್ನೂ, ಗುಮಾಸ್ತರ ಮನಸ್ಸು ಮೆತ್ತಗಾಗಲೆಂದು ಒಂದು ಗೊನೆ ಕೆಂಪು ಬಾಳೆಯನ್ನೂ ಗಾಡಿಗೆ ಹೇರಿಸಿದಳು.

ಕಚೇರಿಯಲ್ಲಿ ಗುಮಾಸ್ತ ಮೈಬೂಬ ಸಾಹೇಬರು, "ಕುಂದರ್ರಿ," ಅಂದರು. (ಸಾಯಬಣ್ಣನಿಗೆ ಅಲ್ಲಿಗೇ ಅನುಮಾನ ಬಂತು. ಕಚೇರಿಯವರು ಯಾರನ್ನಾದರೂ ಕೂರಿಸಿದ್ದನ್ನು ಅವನು ಕೇಳಿಯೂ ಇರಲಿಲ್ಲ.) ಅವರು ವಹಿ ತೆಗೆದರು, ಬರೆದರು, ಒಳಗೆ ಹೋಗಿ ಮೊಹರು ಒತ್ತಿಸಿ ತಂದರು. ಸಾಯಬಣ್ಣ ಬಾಯಿಗಿಟ್ಟ ಎಲೆಅಡಿಕೆ ಇನ್ನೂ ಕೆಂಪಾಗಿರಲಿಲ್ಲ. ಗೊನೆ ಮುಂದಿಟ್ಟರೆ, ಮನೆಯಲ್ಲಿ ಮಕ್ಕಳಿಗೆ ಕೊಡಿರೆಂದು ಹಿಂದಕ್ಕೆ ಸರಿಸಿದರು.

ಬಾಳೆಹಣ್ಣನ್ನೂ ಮುಟ್ಟದವನು ತೋಟವನ್ನೇ ನುಂಗಿರಬೇಕು ಎಂದು ಸಾಯಬಣ್ಣನಿಗೆ ಖಾತ್ರಿಯಾಯಿತು. ಕಾಗದ ಉರ್ದುವಿನಲ್ಲಿತ್ತು, ಮೊಹರು ದುಂಡಗಿದೆ ಎಂಬುದರಾಚೆ ಅವನಿಗೇನೂ ತಿಳಿಯದು. ಅಲ್ಲೇ ಮೋಮಿನಪುರ ಓಣಿಯಲ್ಲಿ ಮಕ್ಕಳಿಗೆ ಉರ್ದು ಕಲಿಸುವ ಚಾಂದಬಿ ಓದಿ, ತೋಟ ಅವನದೇ ಎಂದಳು. ಗಾಜಿಪುರದ ಮುನ್ಷಿಯೊಬ್ಬರೂ ಅದನ್ನೇ ಹೇಳಿದರು. ಒಬ್ಬರಿಗೊಬ್ಬರು ಗುರುತು ಪರಿಚಯವಿಲ್ಲದ ಇಬ್ಬರು ಒಂದೇ ಮಾತು ಆಡುವುದೆಂದರೆ ಒಳಗೊಳಗೇ ಏನೋ ನಡೆದಿದೆ ಎಂದುಕೊಂಡ.

ಮೂರನೆಯ ದಿನವೇ ಮನೆ ಸೇರಿದ ಗಂಡನನ್ನು ಬಿಟ್ಟು ಶಿವಕಾಂತಮ್ಮ ರೊಟ್ಟಿಯ ಗಂಟನ್ನು ನೋಡಿದಳು.

"ರೊಟ್ಟಿ ಹಂಗೇ ಅವ. ನೀವು ಕಚೇರಿಗಿ ಹೋಗೇ ಇಲ್ಲ."

ಅವನು ಕಾಗದ ತೋರಿಸಿದ.

"ಇಷ್ಟು ಲಗೂ ಸಿಗೋ ಮೊಹರು ಸಂತ್ಯಾಗ ಮಾರ್ತಾರ," ಅಂದಳು.

ಮರುದಿನ ಬೆಳಿಗ್ಗೆಯೇ ಅವನನ್ನು ಮತ್ತೆ ಗಾಡಿ ಹತ್ತಿಸಿದಳು. ಬರೆಯುವಾಗ ಏನಾದರೂ ತಪ್ಪಾಗಿದೆಯೇ ಎಂದು ಸಾಯಬಣ್ಣ ಸಾಹೇಬರನ್ನು ಕೈಮುಗಿದು ಕೇಳಿದ. ಅವರು ಒಮ್ಮೆ ಕಾಗದವನ್ನು, ಒಮ್ಮೆ ಅವನನ್ನು ನೋಡಿದರು.

"ಕಾಗದ ಬರೋಬ್ಬರಿ ಅದರಿ. ಆದ್ರ ಮಾಲಕರಿಗೇ ಸಂಶಯ ಬಂದದಂದ್ರ ತಪಾಸ ಮಾಡಬೇಕು, ಕಾಯ್ದೆ ಹಂಗದ. ಇದು ಇಲ್ಲೇ ಇರಲಿ. ಮಳಿಗಾಲ ಮುಗದ ಮ್ಯಾಲ ಬರ್ರಿ."

ಬರಿಗೈಯಲ್ಲಿ ಬಂದ ಸಾಯಬಣ್ಣ ನಡೆದದ್ದನ್ನೆಲ್ಲ ತಲೆತಗ್ಗಿಸಿ ಹೇಳಿದ. ಶಿವಕಾಂತಮ್ಮನ ಮುಖ ಅರಳಿತು. ನೀರಿನ ತಂಬಿಗೆಯನ್ನು ಪ್ರೀತಿಯಿಂದ ಮುಂದಿಟ್ಟಳು.

"ಈಗ ನಂಬಿಕಿ ಬಂತ್ರಿ. ಖರೇನೇ ಕಚೇರಿಗಿ ಹೋಗಿ ಬಂದೀರಿ."