ನಾಲ್ಕು ತಾಲೂಕಿನ ಕಾರು

ಮಾನ್ಯ ಓದುಗರಲ್ಲಿ ವಿನಯಪೂರ್ವಕ ಅರಿಕೆ ಏನೆಂದರೆ, ನನ್ನ ಕೈಬರಹ ಕೋಳಿ ಕೆದರಿದಂತಿದೆ. ಒತ್ತಕ್ಷರಗಳ ವಿಷಯದಲ್ಲಿಯೂ ನನಗೆ ಚಿಕ್ಕಂದಿನಿಂದ ಧೈರ್ಯ ಸಾಲದು. ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ಟಿಪ್ಪಣಿ, ಜ್ಞಾಪನ, ನೆನಪೋಲೆಗಳನ್ನು ಬರೆದಿದ್ದೇನೆಯೇ ಹೊರತು, ಜನರು ಖುಷಿಗಾಗಿ ಓದಲೆಂದು ಒಂದು ಸಾಲನ್ನೂ ಬರೆದವಳಲ್ಲ. ಆದಕಾರಣ ಕಾಗುಣಿತದ ದೋಷಗಳನ್ನು ಮುಂಚಿತವಾಗಿ ಮನ್ನಿಸಬೇಕೆಂದು ಕೋರಿ ವಿಷಯಕ್ಕೆ ಬರುತ್ತೇನೆ.

ವಿಷಯ: ನನ್ನ ಸೋದರಮಾವ.

ಮೋಟಾರು ಎಂಜಿನ್ನಿನ ಬಗ್ಗೆ ನನ್ನ ಮಾವನಷ್ಟು ತಿಳಿದವರು ಕೊಪ್ಪಳ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಮೋಟಾರು ಎಂಜಿನ್ನಿನಿಂದ ಅವರಷ್ಟು ದೂರ ಇಡಬೇಕಾದವರೂ ಇನ್ನೊಬ್ಬರಿಲ್ಲ! ಸದರಿಯವರು ಹನುಮಸಾಗರದ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಎಂಜಿನ್ನಿನ ನಾಲ್ಕು ಹೊಡೆತಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದರೆಂದರೆ, ಗುಲಾಬಿ ಪೆಟ್ರೋಲು, ನೀಲಿ ಹೊಗೆ, ಹಳದಿ ಕಿಡಿ, ಹಿಂದಿನ ಬೆಂಚಿನವರೂ ಎಚ್ಚರಾಗುತ್ತಿದ್ದರಂತೆ. ಆದರೆ ಸ್ವಂತ ಸ್ಕೂಟರು ನಿಂತಾಗ? ಅದನ್ನು ತಳ್ಳಿಕೊಂಡು ಗೆಳೆಯನ ಗ್ಯಾರೇಜಿಗೆ ಹೋಗುತ್ತಿದ್ದರು. ಅದು ನಿಂತುದಕ್ಕೆ ಶಾಸ್ತ್ರೋಕ್ತ ಕಾರಣವನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ವಿವರಿಸುತ್ತಿದ್ದರು. ಗ್ಯಾರೇಜಿನಲ್ಲಿ ಪತ್ತೆಯಾಗುತ್ತಿದ್ದ ಕಾರಣ ಪ್ರತಿ ಸಲವೂ ಒಂದೇ: ಪೆಟ್ರೋಲ್ ಮುಗಿದಿತ್ತು.

ಆ ಗ್ಯಾರೇಜಿನ ಗೆಳೆಯರನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ಭಾಗ್ಯನಗರದಲ್ಲಿ ಅವರ ಮನೆಗೂ ಮಾವನ ಮನೆಗೂ ನಡುವೆ ಒಂದೇ ಗೋಡೆ. ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು. ಮುಂದೆ ಒಬ್ಬರು ಕರಿಹಲಗೆಯ ಮುಂದೆ ನಿಂತರು, ಇನ್ನೊಬ್ಬರು ಲಾರಿಯ ಕೆಳಗೆ ಮಲಗಿದರು. ಚಾಚಾ ಮಾತಿನ ಮನುಷ್ಯ. ಕೆಟ್ಟ ಗಾಡಿಗೆ ಕನ್ನಡದಲ್ಲಿಯೂ, ಕೆಡಿಸಿದ ಮಾಲೀಕನಿಗೆ ಉರ್ದುವಿನಲ್ಲಿಯೂ, ಸಿಗದ ಬಿಡಿಭಾಗಕ್ಕೆ ತೆಲುಗಿನಲ್ಲಿಯೂ ಬೈಯುತ್ತಿದ್ದರು. ಇಂಥವರಿಗೆ ಜೀವಮಾನದಲ್ಲಿ ಇದ್ದುದು ಒಂದೇ ಷೋಕಿ. ಬಿಡಿಬಿಡಿಯಾಗಿ ಬರುವ, ಮನೆಯಲ್ಲಿಯೇ ಜೋಡಿಸಿಕೊಳ್ಳಬೇಕಾದ ಓಟದ ಕಾರಿನ ಕಿಟ್ ಒಂದನ್ನು ಪುಣೆಯ ಕಡೆಯಿಂದ ಉಳ್ಳಾಗಡ್ಡಿ ಚೀಲ ಹೇರಿದ ಲಾರಿಯಲ್ಲಿ ತರಿಸಿಕೊಂಡಿದ್ದರು. ಎರಡೇ ಆಸನ, ಫೈಬರಿನ ಮೈ, ನೆಲಕ್ಕೆ ಅಂಟಿದಂಥ ಎತ್ತರ. ಬಂದದ್ದು ಅರ್ಧ ಸಾಮಾನು. ಜೋಡಣೆಯ ಪುಸ್ತಕವನ್ನು ಇಲಿಗಳು ಓದಿ ಮುಗಿಸಿದವು. ಆದರೂ ಚಾಚಾ ಗುಜರಿಗೆ ಹೋದ ವ್ಯಾನಿನ ಎಂಜಿನ್ ಒಂದನ್ನು ಅದರಲ್ಲಿ ಕೂರಿಸಿದ್ದರು. ಅಷ್ಟರಲ್ಲಿ ಅವರಿಗೆ ಲಕ್ವ ಹೊಡೆಯಿತು.

ಬಲಗೈ ಮೆಲ್ಲಗೆ ಹಿಂದಿರುಗಿತು. ಮಾತು ಹಿಂದಿರುಗಲಿಲ್ಲ. ನಾಲಗೆಗೆ, ಗಂಟಲಿಗೆ ಏನೂ ಆಗಿಲ್ಲ, ಮಾತು ತಾನಾಗಿ ಹೊರಡಬೇಕು, ತಡವಾದಷ್ಟೂ ಕಷ್ಟ ಎಂದು ವೈದ್ಯರು ಹೇಳಿದರು. ಏಳು ತಿಂಗಳು ಕಳೆದರೂ ಒಂದು ಶಬ್ದವಿಲ್ಲ. ಅವರ ಹೆಂಡತಿ ಚಾಚಿ, ಸಕ್ಕರೆ ಎಲ್ಲಿ ಎಂದಾದರೂ ಕೇಳಲಿ ಎಂದು ಚಹಾಕ್ಕೆ ಅದನ್ನು ಹಾಕದೆ ಕೊಟ್ಟರು. ಚಾಚಾ ಸುಮ್ಮನೆ ಕುಡಿದರು. ನೋಡಲು ಬಂದವರೆಲ್ಲ ಹಾಲುಗೂಸಿನೊಡನೆ ಮಾತನಾಡುವಂತೆ ರಾಗವಾಗಿ ಮಾತನಾಡಿಸಿ ಹೋಗುತ್ತಿದ್ದರು. ಚಾಚಾ ಗೋಡೆಯತ್ತ ನೋಡುತ್ತಿದ್ದರು.

ಹೀಗಿರುವಾಗ ಒಂದು ಮುಂಜಾನೆ ನನ್ನ ಮಾವ ಆರು ಜನರನ್ನು ಕರೆಸಿ ಆ ಅರ್ಧ ಕಾರನ್ನು ತಮ್ಮ ಅಂಗಳಕ್ಕೆ ಎಳೆಸಿದರು. ಬೇವಿನ ಗಿಡದ ಕೆಳಗೆ ಚಾಚಾರ ಕುರ್ಚಿ ಹಾಕಿಸಿ, ಅವರನ್ನು ಕೂರಿಸಿ, ಸಮಸ್ತರಿಗೂ ತಿಳಿಯಪಡಿಸಿದರು:

“ನನಗ ಕೆಲಸ ಬರೂದಿಲ್ಲ, ಇವಂಗ ಮಾತು ಬರೂದಿಲ್ಲ. ಇಬ್ಬರೂ ಕೂಡಿ ಕಾರು ಮುಗಸ್ತೀವಿ.”

ಮಾತು ಬಾರದವರು ಹೇಳಿಕೊಡುವುದು ಹೇಗೆ ಎಂದು ನಾನು ಕೇಳಿದೆ.

“ತಡಕೊಳ್ಳಾಕ ಆಗದಾಗ ಹೇಳ್ತಾನ,” ಎಂದರು ಮಾವ.

ಅತ್ತೆ ಬಾಗಿಲಲ್ಲಿ ನಿಂತು, ಮನೆಯ ಮಿಕ್ಸರ್ ಕೆಟ್ಟು ಮೂರು ತಿಂಗಳಾಯಿತೆಂಬುದನ್ನು ಸಭೆಯ ಗಮನಕ್ಕೆ ತಂದರು. ಅದು ಇಂದಿಗೂ ಪರಿಶೀಲನೆಯಲ್ಲಿದೆ.

ಬಿಡಿಭಾಗಗಳ ಸಂಗ್ರಹಕ್ಕಾಗಿ ಮಾವ ಕೈಗೊಂಡ ಪ್ರವಾಸಗಳ ವರದಿಯನ್ನು ಸಂಕ್ಷಿಪ್ತವಾಗಿ ಸಲ್ಲಿಸುತ್ತೇನೆ. ಸ್ಟೇರಿಂಗ್ ಚಕ್ರ ಯಲಬುರ್ಗಾದ ಹಳೆಯ ಟ್ರ್ಯಾಕ್ಟರಿನದು. ಅದರ ಅಗಲ ಎಷ್ಟೆಂದರೆ ಪಕ್ಕದಲ್ಲಿ ಕುಳಿತವರೂ ಅದನ್ನು ಅಪ್ಪಿಕೊಂಡೇ ಕೂರಬೇಕು! ಪೆಟ್ರೋಲ್ ಟ್ಯಾಂಕು ಗಂಗಾವತಿಯ ಗದ್ದೆಗಳಿಗೆ ಔಷಧಿ ಹೊಡೆಯುವ ಡಬ್ಬಿ. ದೀಪಗಳೂ ಅಲ್ಲಿಯವೇ. ಒಂದು ಆಟೋದ ದುಂಡು ದೀಪ, ಇನ್ನೊಂದು ಯಾವುದೋ ಗಾಡಿಯ ಚೌಕ ದೀಪ. ಎರಡೂ ಒಂದೇ ನಮೂನೆಯವು ಇಲ್ಲವೇ ಎಂದು ಮಾವ ಗುಜರಿ ಅಂಗಡಿಯವನನ್ನು ವಿಚಾರಿಸಿದ್ದುಂಟು. ಅವನು ತಲೆ ಎತ್ತದೆ, “ಜೋಡಿ ನೋಡಾಕ ಮದುವಿಮನಿಗೆ ಹೋಗ್ಬೇಕ್ರಿ ಮಾಸ್ತರ, ಗುಜರಿಗೆ ಯಾಕ ಬಂದ್ರಿ?” ಎಂದನಂತೆ.

ಗಾಲಿಗಳು ಕುಷ್ಟಗಿಯವು. ಅವನ್ನು ಎರಡು ಸರದಿಯಲ್ಲಿ ಬಸ್ಸಿನಲ್ಲಿ ತರಲಾಯಿತು. ಮೊದಲ ಸಲ ಎರಡು ಗಾಲಿಗಳನ್ನು ತಮ್ಮ ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡ ಮಾವ, ಅವಕ್ಕೆ ಟಿಕೆಟ್ ಕೇಳಿದ ಕಂಡಕ್ಟರನೊಡನೆ ವಾದಕ್ಕಿಳಿದರು. ಈ ಬಸ್ಸಿಗೇ ಆರು ಗಾಲಿಗಳಿವೆಯಲ್ಲ, ಅವಕ್ಕೆ ಟಿಕೆಟ್ ಕೊಟ್ಟಿದ್ದೀರಾ ಎಂಬುದು ಅವರ ಪ್ರಶ್ನೆ.

“ಅವು ದುಡೀತಾವ್ರಿ,” ಎಂದ ಕಂಡಕ್ಟರ್. “ನಿಮ್ಮವು ಕುಂತು ಹೊಂಟಾವ.”

ಮಾವ ಟಿಕೆಟ್ ತೆಗೆದುಕೊಂಡರು. ಮೂವತ್ತು ವರ್ಷಗಳ ಅಧ್ಯಾಪನದಲ್ಲಿಯೂ ಇಷ್ಟು ಸರಿಯಾದ ಉತ್ತರ ಯಾವ ವಿದ್ಯಾರ್ಥಿಯಿಂದಲೂ ತಮಗೆ ಸಿಕ್ಕಿರಲಿಲ್ಲ ಎಂದು ಈಗಲೂ ಒಪ್ಪಿಕೊಳ್ಳುತ್ತಾರೆ.

ಹಿಂದಿನದನ್ನು ನೋಡುವ ಕನ್ನಡಿ ಮಾತ್ರ ಸ್ಥಳೀಯ; ಅತ್ತೆಯ ಕಪಾಟಿನದು. ಅದರಲ್ಲಿ ಹಿಂದಿನ ವಾಹನ ಕಾಣುವುದಿಲ್ಲ. ಹಣೆಯ ಕುಂಕುಮ ಸರಿಯಾಗಿದೆಯೋ ಇಲ್ಲವೋ ಚೆನ್ನಾಗಿ ಕಾಣುತ್ತದೆ.

ಇನ್ನು ಜೋಡಣೆ. ಮಾವ ಬೋಲ್ಟನ್ನು ಮೊಳೆಯಂತೆ ಸುತ್ತಿಗೆಯಿಂದ ಬಡಿದು ಕೂರಿಸಿದಾಗ ಚಾಚಾ ಕಣ್ಣು ಮುಚ್ಚಿಕೊಂಡರು. ಹಾರ್ನ್ ಒತ್ತಿದರೆ ವೈಪರ್ ಆಡುವಂತೆ ತಂತಿ ಜೋಡಿಸಿದಾಗ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದರು. ಬಾಗಿಲನ್ನು ತಲೆಕೆಳಗಾಗಿ ಕೂರಿಸಿದ ದಿನ ಹೆಗಲ ಮೇಲಿನ ವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡರು! ಪ್ರತಿ ತುಂಡು ಕೂರಿಸಿದ ಮೇಲೂ ಮಾವ ಅವರತ್ತ ತಿರುಗಿ, “ಬರೋಬರಿ ಐತಿಲ್ಲೋ?” ಎಂದು ಕೇಳುತ್ತಿದ್ದರು. ಕೇಳಿ, ನಟ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದರು. ಕಚೇರಿ ಮುಗಿಸಿ ಸಂಜೆ ಅಲ್ಲಿಗೆ ಹೋಗುತ್ತಿದ್ದ ನನಗೆ ಜೋಡಣೆಗಿಂತ ಈ ಕಾಯುವಿಕೆಯನ್ನು ನೋಡುವುದೇ ಕಷ್ಟವಾಗಿತ್ತು. ಉತ್ತರ ಬಾರದಿದ್ದಾಗ ಮಾವ ತಲೆ ಅಲ್ಲಾಡಿಸಿ ಮುಂದಿನ ತಪ್ಪಿಗೆ ತೊಡಗುತ್ತಿದ್ದರು.

ಒಂದು ಶನಿವಾರ ಚಾಚಾ ಕಾಲಿನಿಂದ ನೆಲ ಒದ್ದು ಕುರ್ಚಿಯನ್ನೇ ಗೋಡೆಯತ್ತ ತಿರುಗಿಸಿಕೊಂಡರು. ಅಂದು ಸಂಜೆ ಚಾಚಿ ಬಂದು ಬಾಗಿಲ ಹೊರಗೇ ನಿಂತರು.

“ಸಾಕ್ರಿ ಅಣ್ಣಾರ. ನಿಮ್ಮ ಮನಸ್ಸು ನನಗ ಗೊತ್ತೈತಿ. ಆದ್ರ ಇವ್ರ ಬಿಪಿ ಏರಾಕತ್ತೈತಿ. ನಾಳಿಂದ ಕಳಸೂದಿಲ್ಲ.”

ಮಾವ ಕೈಯ ಗ್ರೀಸನ್ನು ಒರೆಸಿಕೊಂಡರು. ನಂತರ, ನಾಳೆ ಒಂದು ದಿನ ಕಳಿಸಿರಿ, ಅವನು ಕೂರಿಸಿದ ಎಂಜಿನ್ನಿನ ಸಪ್ಪಳವನ್ನು ಅವನಿಗೆ ಒಮ್ಮೆ ಕೇಳಿಸಿಬಿಡುತ್ತೇನೆ, ಆಮೇಲೆ ಈ ಅಂಗಳಕ್ಕೆ ಕರೆಯುವುದಿಲ್ಲ ಎಂದು ಬೇಡಿಕೊಂಡರು. ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಅತ್ತೆಯಿಂದ ತಿಳಿದುಬಂದಿತು.

ಭಾನುವಾರ ಕಾರು ಮನೆಯ ಹಿಂದಿನ ಬಯಲಿನ ಅಂಚಿನಲ್ಲಿ ನಿಂತಿತು. ಹಿತ್ತಿಲ ಗೋಡೆಯ ಬಳಿ ಚಾಚಾರ ಕುರ್ಚಿ, ಅದರ ಹಿಂದೆ ಚಾಚಿ ಮತ್ತು ಅತ್ತೆ. ಪಕ್ಕದ ಆಸನಕ್ಕೆ ಬೇರೆ ಯಾರೂ ಒಪ್ಪದ ಕಾರಣ ಆ ಹುದ್ದೆಗೆ ನನ್ನನ್ನು ನಿಯೋಜಿಸಲಾಯಿತು. ನಾನು ಟ್ರ್ಯಾಕ್ಟರಿನ ಸ್ಟೇರಿಂಗನ್ನು ಅಪ್ಪಿಕೊಂಡು ಮನೆದೇವರಿಗೆ ಹರಕೆ ಹೊತ್ತೆ. ಮಾವ ಕೀಲಿ ತಿರುಗಿಸಿದರು. ಆ ಇಡೀ ಕಾರಿನಲ್ಲಿ ಚಾಚಾ ಕೈಯಾರೆ ಮಾಡಿದ್ದು ಎಂಜಿನ್ ಒಂದೇ. ಅದು ಮೊದಲ ಹೊಡೆತಕ್ಕೇ ಎದ್ದು ಹಾಡತೊಡಗಿತು. ಚಾಚಾರ ಮುಖ ಅದರತ್ತ ತಿರುಗಿತು. ಲಕ್ವ ಹೊಡೆದಂದಿನಿಂದ ಆ ಕಣ್ಣುಗಳು ಹಾಗೆ ಹೊಳೆದದ್ದನ್ನು ನಾನು ನೋಡಿರಲಿಲ್ಲ. ಮಾವ ಅದನ್ನು ನೋಡಿ ಗೇರ್ ಹಾಕಿದರು. ಕಾರು ಒಂದು ಗೇಣು ಮುಂದೆ ಸರಿಯಿತು.

ಆಗ ಚಾಚಾರ ದೃಷ್ಟಿ ಮುಂದಿನ ಗಾಲಿಯ ಮೇಲೆ ಬಿತ್ತು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಬಾಯಿ ಎರಡು ಸಲ ತೆರೆದು ಮುಚ್ಚಿತು.

“ಉ... ಉಲ್ಟಾ.”

ಮಾವ ಎಂಜಿನ್ ಆರಿಸಿದರು.

“ಏನು?”

“ನಟ್. ಉಲ್ಟಾ.”

“ಯಾವುದೋ?”

ಚಾಚಾ ಗಾಲಿಯನ್ನು ನೋಡಿದರು. ಬಾಗಿಲನ್ನು, ಎರಡು ಜಾತಿಯ ದೀಪಗಳನ್ನು, ಅತ್ತೆಯ ಕನ್ನಡಿಯನ್ನು, ಸ್ಟೇರಿಂಗ್ ಅಪ್ಪಿಕೊಂಡಿದ್ದ ನನ್ನನ್ನು ನೋಡಿದರು. ದೀರ್ಘವಾಗಿ ಉಸಿರೆಳೆದುಕೊಂಡು ಹೇಳಿದರು:

“ಎಲ್ಲಾ.”

ಚಾಚಿ ಗೋಡೆ ಹಿಡಿದು ಅಲ್ಲಿಯೇ ಕುಳಿತುಬಿಟ್ಟರು. ಅತ್ತೆ ಓಡಿಹೋಗಿ ಅವರ ಬೆನ್ನು ಸವರಿದರು. ಇಬ್ಬರೂ ಅಳುತ್ತಿದ್ದರು, ನಗುತ್ತಿದ್ದರು. ನಾನು ಕಾರಿನಿಂದ ಇಳಿದು ನೆಲವನ್ನು ಮುಟ್ಟಿ ನೋಡಿದೆ. ಆಮೇಲೆ ತಿಳಿದ ಸಂಗತಿ ಏನೆಂದರೆ, ಗಾಲಿಯ ನಟ್ಟಿಗೆ ಒಂದು ಮಗ್ಗುಲು ಓರೆಯಾಗಿರುತ್ತದೆ, ಅದು ಗಾಲಿಯ ಕಡೆಗೆ ಕೂರಬೇಕು. ಮಾವ ನಾಲ್ಕೂ ಗಾಲಿಗಳ ಅಷ್ಟೂ ನಟ್ಟುಗಳನ್ನು ಹೊರಮುಖ ಮಾಡಿ ಬಿಗಿದಿದ್ದರು. ಹಾಗೆಯೇ ಹೊರಟಿದ್ದರೆ ಬಯಲು ದಾಟುವುದರೊಳಗೆ ಗಾಲಿಗಳು ನಮ್ಮನ್ನು ಬಿಟ್ಟು ತಳಕಲ್ ಕಡೆಗೆ ಪ್ರಯಾಣ ಬೆಳೆಸುತ್ತಿದ್ದವು!

ಚಾಚಾರನ್ನು ಮಾತನಾಡಿಸಲೆಂದೇ ಹಾಗೆ ಮಾಡಿರಬೇಕು, ಎಂಥ ಬುದ್ಧಿವಂತಿಕೆ ಎಂದು ನನಗೆ ಹೆಮ್ಮೆಯಾಯಿತು. ಬೇಕೆಂದೇ ತಿರುವಿ ಹಾಕಿದಿರಾ ಎಂದು ಮಾವನ ಕಿವಿಯಲ್ಲಿ ಕೇಳಿದೆ.

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು. “ನಟ್ಟಿಗೆ ಸರಿ ಬಾಜೂ ಬ್ಯಾರೆ ಇರ್ತೈತೇನವಾ?”

ಆ ದಿನವೇ ಚಾಚಾ ಹೇಳಿಕೊಟ್ಟಂತೆ ಎಲ್ಲ ನಟ್ಟುಗಳನ್ನೂ ತಿರುಗಿಸಿ ಹಾಕಲಾಯಿತು. ಕೊನೆಯದನ್ನು ಬಿಗಿಯುವ ಹೊತ್ತಿಗೆ “ಗಧಾ ಮಾಸ್ತರ್” ಎಂಬ ಉರ್ದುವಿನ ಬೈಗುಳವೂ ಸ್ಪಷ್ಟವಾಗಿ ಹೊರಬಂದಿತು. ಈಗ ಕಾರು ಓಡುತ್ತದೆ. ಸಾರಿಗೆ ಇಲಾಖೆಯ ಗಮನಕ್ಕೆ: ಸದರಿ ವಾಹನ ಹಿಂದಿನ ಬಯಲನ್ನು ಬಿಟ್ಟು ಸಾರ್ವಜನಿಕ ರಸ್ತೆಗೆ ಇಳಿದಿಲ್ಲ, ಇಳಿಯುವುದೂ ಇಲ್ಲ. ಪಕ್ಕದ ಆಸನದ ಹುದ್ದೆಯನ್ನು ಚಾಚಾ ವಹಿಸಿಕೊಂಡಿರುವುದರಿಂದ ನನ್ನನ್ನು ಬಿಡುಗಡೆಗೊಳಿಸಲಾಗಿದೆ. ಈ ಆದೇಶದಿಂದ ನನಗಾದ ಸಮಾಧಾನವನ್ನು ಬರೆಯಲು ನನ್ನ ಕನ್ನಡ ಸಾಲದು.

ಕಡೆಯದಾಗಿ ಒಂದು ಸಂಗತಿ. ಮಾಸ್ತರರಿಗೆ ಈಚೆಗೆ ಕಿವಿ ಮಂದವಾಗಿದೆ ಎಂದು ನಮ್ಮ ಓಣಿಯಲ್ಲಿ ಸುದ್ದಿಯಿದೆ. ಚಾಚಾ ಏನಾದರೂ ಹೇಳಿದರೆ ಮಾವ ಕಿವಿಯ ಹಿಂದೆ ಕೈ ಇಟ್ಟುಕೊಂಡು, “ಏನಂದಿ? ಇನ್ನೊಮ್ಮೆ ಹೇಳು,” ಎನ್ನುತ್ತಾರೆ. ಚಾಚಾ ಸಿಟ್ಟಾಗಿ ಎರಡನೆಯ ಸಲ ಹೇಳುತ್ತಾರೆ. ಮೂರನೆಯ ಸಲವೂ ಹೇಳುತ್ತಾರೆ. ಪ್ರತಿ ಸಲವೂ ಮಾತು ಹಿಂದಿನದಕ್ಕಿಂತ ತುಸು ಬಿಡಿಸಿಕೊಂಡು ಬರುತ್ತದೆ. ಆದರೆ ಅಡುಗೆಮನೆಯಲ್ಲಿ ಅತ್ತೆ ಶೇಂಗಾ ಉಂಡಿಯ ಡಬ್ಬಿಯ ಮುಚ್ಚಳ ಸರಿಸಿದರೆ ಸಾಕು, ಅಂಗಳದಲ್ಲಿರುವ ಮಾವನಿಗೆ ಕೇಳಿಸುತ್ತದೆ. ಅವರ ಎರಡೂ ಕಿವಿಗಳು ಸುಸ್ಥಿತಿಯಲ್ಲಿವೆ ಎಂದು ಈ ಮೂಲಕ ದೃಢೀಕರಿಸುತ್ತೇನೆ.

ಮೇಲಿನ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ, ಓದುಗರು ದಾಕ್ಷಿಣ್ಯಪಡದೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಡಬೇಕಾಗಿ ಪ್ರಾರ್ಥನೆ.